ಗೇಮ್‌ಗೆ ಚಿತ್ರ ಬಿಡಿಸೋಕೆ ಮೊದಲ ಸಾಫ್ಟ್‌ವೇರ್ ಯಾವುದಿರಲಿ? (ಗೊಡೊ 4, 8 ಜಿಬಿ ಲ್ಯಾಪ್‌ಟಾಪ್, ಬರೀ ಮೌಸ್)

ಹೊಸಹೆಜ್ಜೆ:

ಎಲ್ಲರಿಗೂ ನಮಸ್ಕಾರ. ಗೊಡೊ 4 ಅನ್ನುವ ಗೇಮ್ ಎಂಜಿನ್‌ನಲ್ಲಿ ಚಿಕ್ಕದೊಂದು 2ಡಿ ಗೇಮ್ ಶುರು ಮಾಡಿದ್ದೇನೆ. ಮೇಲಿನಿಂದ ನೋಡುವ ಥರದ್ದು. ಮಲೆನಾಡಿನ ಒಂದು ಹಳ್ಳಿ: ನಾಲ್ಕೈದು ಹೆಂಚಿನ ಮನೆ, ಅಡಿಕೆ ತೋಟ, ಕೆರೆ ಏರಿ, ಊರೆಲ್ಲ ಓಡಾಡಿ ಎಲ್ಲರನ್ನೂ ಮಾತಾಡಿಸುವ ಒಬ್ಬಳು ಹುಡುಗಿ. ಮಾತು ಪೂರ್ತಿ ಕನ್ನಡದಲ್ಲೇ. ಕೋಡ್ ಒಂದು ಮಟ್ಟಕ್ಕೆ ಬರುತ್ತೆ, ಚಿತ್ರದ ಕೆಲಸ ಹೊಸದು.

ಲ್ಯಾಪ್‌ಟಾಪ್ ಐ3, 8 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಸ್ಕ್ರೀನ್ 1366×768. ಖರ್ಚು ಮಾಡಲು 3,000 ರೂಪಾಯಿ ಇದೆ. ಅದನ್ನು ಸಾಫ್ಟ್‌ವೇರ್‌ಗೆ ಹಾಕಲೋ, ಪೆನ್ ಟ್ಯಾಬ್ಲೆಟ್‌ಗೆ ಹಾಕಲೋ? ಏಸ್‌ಪ್ರೈಟ್, ಪಿಕ್ಸೆಲೋರಾಮಾ, ಕ್ರಿಟಾ, ಗಿಂಪ್, ಬ್ಲೆಂಡರ್, ಫೋಟೋಶಾಪ್ ಅಂತ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಯಾವುದರಿಂದ ಶುರು ಮಾಡಲಿ?

ಚುಕ್ಕಿಲೆಕ್ಕ:

ಸಾಫ್ಟ್‌ವೇರ್ ಹೆಸರಿಗಿಂತ ಮೊದಲು ಎರಡು ಅಳತೆ ತೀರ್ಮಾನ ಮಾಡಿ: ಗೇಮ್‌ನ ಮೂಲ ರೆಸಲ್ಯೂಷನ್ ಎಷ್ಟು, ಒಂದು ಟೈಲ್ (ನೆಲ, ಛಾವಣಿ ಕಟ್ಟಲು ಪಕ್ಕಪಕ್ಕ ಜೋಡಿಸುವ ಚೌಕದ ಚಿತ್ರ) ಎಷ್ಟು ಪಿಕ್ಸೆಲ್, ಅಂದರೆ ಎಷ್ಟು ಚುಕ್ಕಿ. ಈ ಎರಡು ಗಟ್ಟಿಯಾದರೆ ಅರ್ಧ ಹೆಸರುಗಳು ಪಟ್ಟಿಯಿಂದ ತಾವೇ ಬಿದ್ದುಹೋಗುತ್ತವೆ.

ನಿಮ್ಮ ಗೇಮ್‌ಗೆ 320×180 ಮತ್ತು 16×16 ಟೈಲ್ ಚೆನ್ನಾಗಿ ಹೊಂದುತ್ತೆ. 320×180ನ್ನು 4ರಿಂದ ಗುಣಿಸಿದರೆ 1280×720, 6ರಿಂದ ಗುಣಿಸಿದರೆ 1920×1080, ಎರಡೂ ಪೂರ್ಣಾಂಕ. ನಿಮ್ಮ 1366×768 ಸ್ಕ್ರೀನಿನಲ್ಲಿ 4 ಪಟ್ಟು ನಿಲ್ಲುತ್ತೆ, ಎಡಬಲಕ್ಕೆ 43 ಪಿಕ್ಸೆಲ್, ಮೇಲೆ ಕೆಳಗೆ 24 ಪಿಕ್ಸೆಲ್ ಕಪ್ಪು ಅಂಚು ಉಳಿಯುತ್ತೆ. ಆ ಅಂಚನ್ನು ತುಂಬಲು ಹೋಗಿ 4.27 ಪಟ್ಟು ಹಿಗ್ಗಿಸಿದರೆ ಕೆಲವು ಚುಕ್ಕಿ 4 ಅಗಲ, ಕೆಲವು 5 ಅಗಲ ಆಗಿ ಮುಖದ ಮೇಲೆ ಒಂದು ಕಣ್ಣು ದೊಡ್ಡದು, ಒಂದು ಚಿಕ್ಕದು ಆಗುತ್ತೆ. ಅಂಚು ಇರಲಿ ಬಿಡಿ.

ಹುಡುಗಿಯನ್ನು 16×24ರಲ್ಲಿ ಬಿಡಿಸಿ. ಅಂದರೆ 384 ಚುಕ್ಕಿ. ನಡಿಗೆಗೆ ಒಂದು ದಿಕ್ಕಿಗೆ 4 ಫ್ರೇಮ್ (ಚಲನೆಯ ಒಂದೊಂದು ಚಿತ್ರ) ಸಾಕು. ಎಡದ ನಡಿಗೆಯನ್ನು ಕನ್ನಡಿ ತಿರುಗಿಸಿದರೆ ಬಲದ್ದಾಗುತ್ತೆ, ಹಾಗಾಗಿ 3 ದಿಕ್ಕು, ಒಟ್ಟು 12 ಫ್ರೇಮ್. ಅದೇ ಹುಡುಗಿಯನ್ನು 32×48 ಮಾಡಿದರೆ ಅಳತೆ ಎರಡು ಪಟ್ಟು ಅನಿಸಿದರೂ ಚುಕ್ಕಿ 1,536, ಅಂದರೆ ನಾಲ್ಕು ಪಟ್ಟು. ಅದೂ ಸಾಲದು ಅಂತ ಬಟ್ಟೆಯ ನೆರಿಗೆ, ಬೆರಳು, ಮುಖಭಾವ ಎಲ್ಲ ಅಲ್ಲಿ ಕಾಣಲೇಬೇಕಾಗುತ್ತೆ. ಹೊಸಬರ ಗೇಮ್ ನಿಂತುಹೋಗುವುದು ಹೆಚ್ಚಾಗಿ ಈ ಜಾಗದಲ್ಲೇ.

ಈಗ ಸಾಫ್ಟ್‌ವೇರ್. ಪಿಕ್ಸೆಲೋರಾಮಾದಿಂದ ಶುರು ಮಾಡಿ. ಉಚಿತ, ಮುಕ್ತ ಆಕರದ್ದು, ಗೊಡೊದಲ್ಲೇ ಕಟ್ಟಿದ್ದು, ಬ್ರೌಸರ್‌ನಲ್ಲೂ ಓಡುತ್ತೆ. ಲೇಯರ್ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆ), ಫ್ರೇಮ್‌ಗಳ ಟೈಮ್‌ಲೈನ್, ಹಿಂದಿನ ಫ್ರೇಮ್ ಮಸುಕಾಗಿ ತೋರಿಸುವ ಆನಿಯನ್ ಸ್ಕಿನ್, ಅದೇ ಟೈಲ್ ಸುತ್ತಲೂ ಮರುಕಳಿಸಿ ತೋರಿಸುವ ಟೈಲ್ ಮೋಡ್, ಎಲ್ಲ ಚಿತ್ರವನ್ನೂ ಒಂದೇ ಫೈಲ್‌ನಲ್ಲಿ ಸಾಲಾಗಿ ಕೊಡುವ ಸ್ಪ್ರೈಟ್ ಶೀಟ್ ಎಕ್ಸ್‌ಪೋರ್ಟ್ ಎಲ್ಲ ಇದೆ. ಏಸ್‌ಪ್ರೈಟ್ ಇದಕ್ಕಿಂತ ನಯ, ಕೀಬೋರ್ಡ್ ಕೆಲಸ ವೇಗ, ನೂರಾರು ಫೈಲ್‌ಗಳನ್ನು ಕಮಾಂಡ್ ಲೈನ್‌ನಿಂದ ಒಟ್ಟಿಗೆ ಎಕ್ಸ್‌ಪೋರ್ಟ್ ಮಾಡಬಹುದು. ಬೆಲೆ 19.99 ಡಾಲರ್. ಪ್ರಯೋಗದ ಆವೃತ್ತಿಯಲ್ಲಿ ಸೇವ್ ಆಗುವುದಿಲ್ಲ, ಇಡೀ ಮಧ್ಯಾಹ್ನ ಬಿಡಿಸಿ ಕೊನೆಗೆ ಕೈಚೆಲ್ಲಬೇಡಿ. ಅದರ ಆಕರ ಕೋಡ್ ಇಳಿಸಿಕೊಂಡು ಸ್ವಂತ ಬಳಕೆಗೆ ಕಂಪೈಲ್ ಮಾಡಿಕೊಳ್ಳಲು ಅನುಮತಿ ಇದೆ, ಆದರೆ ಸಿಮೇಕ್, ನಿಂಜಾ, ಸ್ಕಿಯಾ ಲೈಬ್ರರಿ ಅಂತ ಸಾಲು ಹಿಡಿದು ಹೊಂದಿಸಬೇಕು. ಚಿತ್ರ ಕಲಿಯಲು ಹೊರಟವರಿಗೆ ಅದು ಸುತ್ತುದಾರಿ. ಲಿಬ್ರೆಸ್ಪ್ರೈಟ್ ಅನ್ನುವುದು 2016ರಲ್ಲಿ ಏಸ್‌ಪ್ರೈಟ್ ಪರವಾನಗಿ ಬದಲಾದಾಗ ಹಳೆಯ ಮುಕ್ತ ಕೋಡಿನಿಂದ ಕವಲೊಡೆದದ್ದು. ತುಂಬ ಹಗುರ, ತೀರಾ ಹಳೆಯ ಕಂಪ್ಯೂಟರ್ ಇದ್ದವರಿಗೆ ಒಳ್ಳೆಯದು. ಫೋಟೋಶಾಪ್ ನಿಮಗೆ ಬೇಡವೇ ಬೇಡ.

ಪಿಕ್ಸೆಲ್ ಕೆಲಸಕ್ಕೆ ಮೌಸ್ ಧಾರಾಳ ಸಾಕು. ಒಂದು ಕ್ಲಿಕ್‌ಗೆ ಒಂದು ಚುಕ್ಕಿ, ಒತ್ತಡದ ಲೆಕ್ಕ ಇಲ್ಲ. 3,000ವನ್ನು ಈಗ ಮುಟ್ಟಬೇಡಿ.

ಮೊದಲ ಕೆಲಸವಾಗಿ ಹೆಂಚಿನ ಛಾವಣಿ ಮಾಡಿ, ಬಣ್ಣ, ನೆರಳು, ಜೋಡಣೆ ಮೂರೂ ಅದರಲ್ಲಿ ಸಿಗುತ್ತೆ. 16×16 ಫೈಲ್ ತೆರೆದು ನಾಲ್ಕೇ ಬಣ್ಣ ಇಟ್ಟುಕೊಳ್ಳಿ (ಕೆಂಪು, ಹಸಿರು, ನೀಲಿ ಈ ಕ್ರಮದಲ್ಲಿ): ಗಾಢ ನೆರಳು 92, 40, 48. ಮೈಬಣ್ಣ 150, 66, 48. ಬೆಳಕು 190, 96, 60. ಮಿಂಚು 226, 148, 90. ನೋಡಿ, ನೆರಳು ಕಪ್ಪಿನ ಕಡೆಗಲ್ಲ, ನೇರಳೆಯ ಕಡೆ ವಾಲಿದೆ. ಬೆಳಕು ಬಿಳಿಯ ಕಡೆಗಲ್ಲ, ಹಳದಿಯ ಕಡೆ. ಬರೀ ಕಪ್ಪು ಬೆರೆಸಿ ಗಾಢ ಮಾಡಿದರೆ ಹೆಂಚಿಗೆ ಕೆಸರು ಮೆತ್ತಿದ ಹಾಗೆ ಕಾಣುತ್ತೆ.

ಇಡೀ ಟೈಲ್‌ಗೆ ಮೈಬಣ್ಣ ತುಂಬಿ. ಒಂದು ಹೆಂಚು 8 ಅಗಲ, 8 ಎತ್ತರ ಅಂತ ಇಟ್ಟುಕೊಂಡರೆ ಟೈಲ್‌ನಲ್ಲಿ ನಾಲ್ಕು ಹೆಂಚು ಕೂರುತ್ತವೆ. 8ನೇ ಮತ್ತು 16ನೇ ಅಡ್ಡಸಾಲಿಗೆ ಗಾಢ ನೆರಳು: ಮೇಲಿನ ಹೆಂಚು ಕೆಳಗಿನದರ ಮೇಲೆ ಹೊದ್ದಿಕೊಳ್ಳುವ ಜಾಗ ಅದು. ಅದರ ನೇರ ಮೇಲಿನ 7 ಮತ್ತು 15ನೇ ಸಾಲಿಗೆ ಬೆಳಕು, ಹೆಂಚಿನ ತುಟಿಗೆ ಬಿಸಿಲು ಬೀಳುವುದು ಅಲ್ಲೇ. ಪ್ರತಿ ಹೆಂಚಿನ ಎಡಗಡೆಯ ಕಂಬಸಾಲು ಬೆಳಕು, ಬಲಗಡೆಯದು ಗಾಢ. ಕೊನೆಗೆ ಪ್ರತಿ ಹೆಂಚಿನ ತುಟಿಯ ಎಡತುದಿಗೆ ಮಿಂಚಿನ ಒಂದೇ ಒಂದು ಚುಕ್ಕಿ.

ಈಗ ಟೈಲ್ ಮೋಡ್ ಹಾಕಿ ದೂರದಿಂದ ನೋಡಿ. ತೀರಾ ಅಚ್ಚುಕಟ್ಟಾಗಿ ಬಚ್ಚಲಮನೆಯ ಟೈಲ್ಸ್ ಥರ ಇರುತ್ತೆ. ಸರಿಪಡಿಸಲು ಅದೇ ಟೈಲ್‌ಗೆ ಪಾಚಿ ಬಳಿಯಬೇಡಿ. ಮೂಲ ಟೈಲ್‌ನಲ್ಲಿ ಎದ್ದು ಕಾಣುವ ಒಂದು ಕಲೆ ಇದ್ದರೂ ಛಾವಣಿ ತುಂಬ ಅದೇ ಕಲೆ ಚುಕ್ಕಿ ರಂಗೋಲಿಯ ಹಾಗೆ ಸಾಲುಗಟ್ಟುತ್ತೆ. ಟೈಲ್‌ನ ನಕಲು ತೆಗೆದು, ಒಂದು ಹೆಂಚಿನ ಮೇಲೆ ಮಾತ್ರ 5–6 ಚುಕ್ಕಿ ಪಾಚಿ (96, 98, 58) ಇಡಿ. ಇನ್ನೊಂದು ನಕಲಿನಲ್ಲಿ ಒಂದು ಹೆಂಚನ್ನು ಹೊಸದಾಗಿ ಬದಲಿಸಿದ ಹಾಗೆ ತಿಳಿ ಮಾಡಿ. ಎಂಟು ಹತ್ತು ಮಾಮೂಲಿ ಟೈಲ್‌ಗೆ ಒಂದು ಈ ಥರದ್ದು ಬಂದರೆ ಮನೆಗೆ ವಯಸ್ಸಾಗುತ್ತೆ.

ಬಣ್ಣದಡಬ್ಬಿ:

ಪಿಕ್ಸೆಲ್ ಭಾಗಕ್ಕೆ ಮೇಲಿನದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಇದು ಮಾತಿನ ಗೇಮ್. ಮಾತಾಡುವಾಗ ಪಕ್ಕದಲ್ಲಿ ದೊಡ್ಡ ಮುಖಚಿತ್ರ ಬರುವುದಿದ್ದರೆ ಅದಕ್ಕೆ ಕ್ರಿಟಾ ಹಾಕಿಕೊಳ್ಳಿ. ಉಚಿತ, ಚಿತ್ರ ಬಿಡಿಸುವವರಿಗೆಂದೇ ಮಾಡಿದ್ದು. ಗಿಂಪ್ ಕೂಡ ಉಚಿತವೇ, ಅದರ ಬಲ ಇರುವುದು ಫೋಟೋ ತಿದ್ದುವುದರಲ್ಲಿ. ಕುಂಚದ ಕೆಲಸಕ್ಕೆ ಕೈ ಒಗ್ಗುವುದು ಕ್ರಿಟಾದಲ್ಲಿ.

8 ಜಿಬಿ ಬಗ್ಗೆ ಭಯ ಬೇಡ, ಲೆಕ್ಕ ಇದ್ದರೆ ಸಾಕು. ಒಂದು ಲೇಯರ್‌ನ ಒಂದು ಚುಕ್ಕಿಗೆ 4 ಬೈಟ್. 4000×4000 ಹಾಳೆ ತೆರೆದರೆ ಒಂದು ತುಂಬಿದ ಲೇಯರ್‌ಗೆ 64 ಎಂಬಿ, 20 ಲೇಯರ್‌ಗೆ 1.28 ಜಿಬಿ, ಅನ್‌ಡೂ ನೆನಪು ಬೇರೆ. 16 ಬಿಟ್ ಆರಿಸಿದರೆ ಇದರ ಎರಡರಷ್ಟು. ಅದೇ 1200×1200 ಹಾಳೆಗೆ ಲೇಯರ್‌ಗೆ 6 ಎಂಬಿಯೂ ಆಗುವುದಿಲ್ಲ. ಸ್ಕ್ರೀನಿನ ಮೇಲೆ ಮುಖ 480 ಚುಕ್ಕಿ ಎತ್ತರ ಕಾಣುವುದಾದರೆ 960ರಲ್ಲಿ ಬಿಡಿಸಿ ಅರ್ಧಕ್ಕೆ ಇಳಿಸಿ. ಅದಕ್ಕಿಂತ ದೊಡ್ಡ ಹಾಳೆ ದಂಡ. ಬಣ್ಣದ ಆಳ 8 ಬಿಟ್, ಪ್ರೊಫೈಲ್ ಎಸ್‌ಆರ್‌ಜಿಬಿ ಇರಲಿ. ಸಿಎಮ್‌ವೈಕೆ ಅಚ್ಚಿಗೆ ಕಳಿಸುವವರದು, ಗೇಮ್‌ಗೆ ಅಲ್ಲ.

ಕ್ರಿಟಾದಲ್ಲಿ ಮೂರು ಕೀಲಿ ಮೊದಲ ದಿನವೇ ಕಲಿಯಿರಿ. ಎಂ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುತ್ತೆ, ಮುಖ ಒಂದು ಕಡೆ ವಾಲಿದ್ದು ಆಗ ತಟ್ಟನೆ ಗೊತ್ತಾಗುತ್ತೆ. ಇ ಒತ್ತಿದರೆ ಕೈಯಲ್ಲಿರುವ ಕುಂಚವೇ ರಬ್ಬರ್ ಆಗುತ್ತೆ. ಡಬ್ಲ್ಯೂ ಒತ್ತಿದರೆ ಹಾಳೆಯ ಪ್ರತಿ ಅಂಚೂ ತನ್ನ ಎದುರಿನ ಅಂಚಿಗೆ ಅಂಟಿಕೊಂಡ ಹಾಗಾಗಿ, ಕೆರೆಯ ನೀರು, ಹುಲ್ಲಿನಂಥ ಕೊನೆಯಿಲ್ಲದ ವಿನ್ಯಾಸ ಬಿಡಿಸಬಹುದು.

ಬಣ್ಣ ಬಳಿಯುವ ಕೆಲಸಕ್ಕೆ ಮಾತ್ರ ಮೌಸ್ ಸಾಲದು. ನಿಮ್ಮ 3,000ಕ್ಕೆ ಪರದೆ ಇಲ್ಲದ, ಸುಮಾರು 6×4 ಇಂಚಿನ ಟ್ಯಾಬ್ಲೆಟ್ ನೋಡಿ. ಒತ್ತಡದ ಮಟ್ಟ 4,096ಓ 8,192ಓ ಅನ್ನುವುದರಲ್ಲಿ ಕೈಗೆ ವ್ಯತ್ಯಾಸ ತಿಳಿಯಲ್ಲ. ಪೆನ್ ಚಾರ್ಜ್ ಬೇಡದ್ದಾಗಿರಲಿ, ನಿಬ್ ಬಿಡಿಯಾಗಿ ಸಿಗುವಂತಿರಲಿ. ತಂದ ಮೇಲೆ ಎರಡು ತೊಂದರೆ ಬರುತ್ತೆ, ಎರಡಕ್ಕೂ ಮದ್ದಿದೆ. ವೃತ್ತ ಎಳೆದರೆ ಮೊಟ್ಟೆಯಾಗುತ್ತೆ: ಟ್ಯಾಬ್ಲೆಟ್‌ನ ಅಗಲ ಎತ್ತರದ ಅನುಪಾತ, ಸ್ಕ್ರೀನಿನ 16:9 ಎರಡೂ ಬೇರೆ ಬೇರೆ, ಡ್ರೈವರ್‌ನಲ್ಲಿ ಕೆಲಸದ ಜಾಗವನ್ನು ಸ್ಕ್ರೀನ್ ಅನುಪಾತಕ್ಕೆ ಕತ್ತರಿಸಿ. ಗೆರೆ ದಪ್ಪ ತೆಳು ಆಗದೆ ಒಂದೇ ಸಮ ಬರುತ್ತೆ: ವಿಂಡೋಸ್‌ನಲ್ಲಿ ಕ್ರಿಟಾ ಸೆಟ್ಟಿಂಗ್ಸ್‌ನ ಟ್ಯಾಬ್ಲೆಟ್ ಪುಟಕ್ಕೆ ಹೋಗಿ ವಿನ್‌ಟ್ಯಾಬ್ ಇದ್ದರೆ ವಿಂಡೋಸ್ ಇಂಕ್‌ಗೆ, ಅದಿದ್ದರೆ ಇದಕ್ಕೆ ಬದಲಿಸಿ ಕ್ರಿಟಾವನ್ನು ಮುಚ್ಚಿ ತೆರೆಯಿರಿ.

ಮಣ್ಣಿನಗೊಂಬೆ:

ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್ ಬಗ್ಗೆ ಯಾರೂ ಹೇಳಿಲ್ಲ, ಹಾಗಾಗಿ ಚುಟುಕಾಗಿ. ಅದರ ಕನಿಷ್ಠ ಬೇಡಿಕೆಯೇ 8 ಜಿಬಿ ರ‍್ಯಾಮ್. ಕಡಿಮೆ ಪಾಲಿಗನ್‌ಗಳ (ಚಪ್ಪಟೆ ತುಣುಕುಗಳ) 3ಡಿ ಮಾದರಿಗೆ ನಿಮ್ಮ ಯಂತ್ರ ಸಾಲಬಹುದು, ಆದರೆ 2ಡಿ ಗೇಮ್‌ಗೆ ಅದನ್ನು ಕಲಿಯುವುದು ಈಗ ಬೇಡ. ಮಾದರಿ ಕಟ್ಟುವುದು, ಯುವಿ ಬಿಚ್ಚುವುದು (ಮಾದರಿಯ ಮೇಲ್ಮೈಯನ್ನು ಚಪ್ಪಟೆಯಾಗಿ ಹರಡುವುದು), ಮೂಳೆ ಜೋಡಿಸುವುದು, ಬೆಳಕು ಒಂದೊಂದೂ ಬೇರೆ ವಿದ್ಯೆ. ಮುಂದೆ 3ಡಿಗೆ ಬಂದಾಗ ಎರಡು ಮಾತು ನೆನಪಿರಲಿ: ಎಕ್ಸ್‌ಪೋರ್ಟ್‌ಗೆ ಮೊದಲು ಕಂಟ್ರೋಲ್ ಎ ಒತ್ತಿ ಸ್ಕೇಲ್ ಅಪ್ಲೈ ಮಾಡಬೇಕು, ಮತ್ತು ಬ್ಲೆಂಡರ್‌ನ ಶೇಡರ್ ನೋಡ್‌ಗಳಲ್ಲಿ ಕಟ್ಟಿದ ವಿನ್ಯಾಸ ಜಿಎಲ್‌ಟಿಎಫ್ (3ಡಿ ಮಾದರಿ ಸಾಗಿಸುವ) ಫೈಲ್ ಜೊತೆ ಬರುವುದಿಲ್ಲ, ಅದನ್ನು ಚಿತ್ರವಾಗಿ ಬೇಕ್ ಮಾಡಬೇಕು.

ಬಟನ್, ಐಕಾನ್, ನಕ್ಷೆಯಂಥವಕ್ಕೆ ಇಂಕ್‌ಸ್ಕೇಪ್ ನೋಡಿ. ಅದರಲ್ಲಿ ಅಕ್ಷರ ಬರೆದಿದ್ದರೆ ಎಸ್‌ವಿಜಿ ಉಳಿಸುವ ಮೊದಲು ಅಕ್ಷರ ಆರಿಸಿ ಶಿಫ್ಟ್ ಕಂಟ್ರೋಲ್ ಸಿ ಒತ್ತಿ ಪಾತ್ (ಬರೀ ಗೆರೆಯ ಆಕಾರ) ಮಾಡಿ. ಹಾಗೇ ಬಿಟ್ಟರೆ ಗೊಡೊದಲ್ಲಿ ಆ ಜಾಗ ಖಾಲಿ ಕಾಣುತ್ತೆ.

ಹೊಸಹೆಜ್ಜೆ:

ಎಲ್ಲರಿಗೂ ತುಂಬ ಧನ್ಯವಾದ. ಪಿಕ್ಸೆಲೋರಾಮಾದಲ್ಲಿ ಛಾವಣಿ, ಹುಲ್ಲು, ಹುಡುಗಿ ಮೂರೂ ಆಯಿತು. ಅಲ್ಲಿ ಚೂಪಾಗಿರುವುದು ಗೊಡೊಗೆ ತಂದ ಕೂಡಲೇ ಮಂಜು ಕವಿದ ಹಾಗೆ ಆಗುತ್ತಿದೆ. ಹುಡುಗಿ ಮನೆಗಿಂತ ದೊಡ್ಡದಾಗಿದ್ದಾಳೆ. ನಡೆಯುವಾಗ ಟೈಲ್‌ಗಳ ನಡುವೆ ಕೂದಲೆಳೆಯಂಥ ಗೆರೆ ಮಿಂಚಿ ಮರೆಯಾಗುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ ಕನ್ನಡ ಅಕ್ಷರ ಓದೋಕೇ ಆಗ್ತಿಲ್ಲ, ಒತ್ತಕ್ಷರ ಎಲ್ಲ ಗಂಟುಗಂಟು.

ಚುಕ್ಕಿಲೆಕ್ಕ:

ಮೊದಲ ಮೂರಕ್ಕೆ ನಾನು ಹೇಳುತ್ತೇನೆ. ಚಿತ್ರ ಸರಿಯಾಗಿಯೇ ಇದೆ, ಕೆಡುತ್ತಿರುವುದು ಎಂಜಿನ್‌ಗೆ ಬರುವ ದಾರಿಯಲ್ಲಿ.

ಮಂಜು: ಗೊಡೊ ಡೀಫಾಲ್ಟ್ ಆಗಿ ಪಕ್ಕಪಕ್ಕದ ಚುಕ್ಕಿಗಳ ಬಣ್ಣ ಬೆರೆಸಿ ಹಿಗ್ಗಿಸುತ್ತೆ. ಪ್ರಾಜೆಕ್ಟ್ ಸೆಟ್ಟಿಂಗ್ಸ್, ರೆಂಡರಿಂಗ್, ಟೆಕ್ಸ್‌ಚರ್ಸ್ ಒಳಗೆ ಡೀಫಾಲ್ಟ್ ಟೆಕ್ಸ್‌ಚರ್ ಫಿಲ್ಟರ್ ಲೀನಿಯರ್ ಅಂತಿರುತ್ತೆ, ಅದನ್ನು ನಿಯರೆಸ್ಟ್ ಮಾಡಿ. ಯುನಿಟಿ ಬಳಸುವವರು ಇದೇ ಕೆಲಸಕ್ಕೆ ಚಿತ್ರದ ಇಂಪೋರ್ಟ್ ಸೆಟ್ಟಿಂಗ್‌ನಲ್ಲಿ ಫಿಲ್ಟರ್ ಮೋಡ್ ಪಾಯಿಂಟ್, ಕಂಪ್ರೆಷನ್ ‘ನನ್’ (None) ಇಡಬೇಕು. ಇದಾದ ಮೇಲೂ ಚುಕ್ಕಿಗಳ ಸುತ್ತ ಕೊಳೆ ಕೊಳೆಯಾಗಿ ಕಂಡರೆ ಫೈಲ್ ಜೆಪೆಗ್ ಆಗಿದೆ ಅಂತರ್ಥ. ಜೆಪೆಗ್‌ನಲ್ಲಿ ನಿಮ್ಮ ನಾಲ್ಕು ಬಣ್ಣ ನೂರಾರು ಆಗಿಬಿಡುತ್ತೆ, ಪಾರದರ್ಶಕತೆಯೂ ಇರಲ್ಲ. ಪಿಎನ್‌ಜಿ ಮಾತ್ರ ಬಳಸಿ.

ದೊಡ್ಡ ಹುಡುಗಿ: ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ರೀಸೈಜ್ 100% ಇದೆಯಾ ನೋಡಿ. ಒಂದು ಚಿತ್ರ 400%, ಇನ್ನೊಂದು 100% ಹೋಗಿದ್ದರೆ ಹೀಗೇ ಆಗುತ್ತೆ. ಅದನ್ನು ಗೊಡೊದಲ್ಲಿ ಸ್ಕೇಲ್ 0.25 ಹಾಕಿ ತೇಪೆ ಹಚ್ಚಬೇಡಿ, ಮತ್ತೆ 100%ನಲ್ಲಿ ಎಕ್ಸ್‌ಪೋರ್ಟ್ ಮಾಡಿ. ಹಿಗ್ಗಿಸುವ ಕೆಲಸ ಒಂದೇ ಕಡೆ, ಕಿಟಕಿಯ ಮಟ್ಟದಲ್ಲಿ ಆಗಬೇಕು. ವ್ಯೂಪೋರ್ಟ್ (ಗೇಮ್ ಮೂಡುವ ಜಾಗ) ಅಗಲ 320, ಎತ್ತರ 180, ಅದರ ಕೆಳಗೆ ಓವರ್‌ರೈಡ್ 1280 ಮತ್ತು 720, ಸ್ಟ್ರೆಚ್‌ನ ಸ್ಕೇಲ್ ಮೋಡ್ ಇಂಟೀಜರ್. ಎಲ್ಲಾದರೂ ಹಿಗ್ಗಿಸಿದ ಪಿಎನ್‌ಜಿ ಮಾತ್ರ ಉಳಿದು ಮೂಲ ಕಳೆದಿದ್ದರೆ, ಗಿಂಪ್‌ನ ಸ್ಕೇಲ್ ಇಮೇಜ್‌ನಲ್ಲಿ ಇಂಟರ್‌ಪೊಲೇಷನ್ ‘ನನ್’ (None) ಇಟ್ಟು ಕಾಲು ಭಾಗಕ್ಕೆ ಇಳಿಸಬಹುದು.

ಕೂದಲೆಳೆ ಗೆರೆ: ಕ್ಯಾಮೆರಾ ಅರ್ಧ ಚುಕ್ಕಿಯಲ್ಲಿ ನಿಂತಾಗ ಎಂಜಿನ್ ಟೈಲ್‌ನ ಅಂಚಿನಾಚೆ, ಅಂದರೆ ಶೀಟ್‌ನಲ್ಲಿ ಪಕ್ಕದ ಟೈಲ್‌ನಿಂದ ಬಣ್ಣ ಎತ್ತಿಕೊಳ್ಳುತ್ತೆ. ಕ್ಯಾಮೆರಾ ಜೂಮ್ 1.5 ಥರ ಇದ್ದರೆ 1 ಅಥವಾ 2 ಮಾಡಿ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ 2ಡಿ ಸ್ನ್ಯಾಪ್‌ನಲ್ಲಿ ಟ್ರಾನ್ಸ್‌ಫಾರ್ಮ್‌ಗಳನ್ನು ಪಿಕ್ಸೆಲ್‌ಗೆ ಹೊಂದಿಸುವುದನ್ನು ಆನ್ ಮಾಡಿ. ಟೈಲ್‌ಸೆಟ್ ಅಟ್ಲಾಸ್‌ನಲ್ಲಿ (ಟೈಲ್‌ಗಳ ಶೀಟ್) ಯೂಸ್ ಟೆಕ್ಸ್‌ಚರ್ ಪ್ಯಾಡಿಂಗ್ ಟಿಕ್ ಇರಲಿ, ಅದು ಪ್ರತಿ ಟೈಲ್‌ನ ಅಂಚಿನ ಚುಕ್ಕಿಯನ್ನು ಆಚೆಗೂ ಒಂದು ಸುತ್ತು ಎಳೆದು ಇಡುತ್ತೆ. ಆ ಸೌಕರ್ಯ ಇಲ್ಲದ ಎಂಜಿನ್‌ಗೆ ಏಸ್‌ಪ್ರೈಟ್ ಎಕ್ಸ್‌ಪೋರ್ಟ್‌ನ ಎಕ್ಸ್‌ಟ್ರೂಡ್ ಅದೇ ಕೆಲಸ ಮಾಡುತ್ತೆ.

ಅಕ್ಷರಜೋಡಣೆ:

ಕನ್ನಡದ ಭಾಗ ನನಗಿರಲಿ. ಪಿಕ್ಸೆಲ್ ಗೇಮ್‌ಗಳ ಸಲಹೆಗಳೆಲ್ಲ ಇಂಗ್ಲಿಷ್ ಅಕ್ಷರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು. ಇಂಗ್ಲಿಷ್‌ಗೆ 8 ಚುಕ್ಕಿ ಎತ್ತರ ಸಾಕು. ನಮ್ಮ ‘ರಾಷ್ಟ್ರ’ ತಗೊಳ್ಳಿ: ಷಕಾರದ ಅಡಿಯಲ್ಲಿ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು, ಮೇಲೆ ತಲೆಕಟ್ಟು. ಇಷ್ಟನ್ನೂ 12 ಚುಕ್ಕಿಯಲ್ಲಿ ತುರುಕಿದರೆ ಒತ್ತಿನ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತೆ, ನೀವು ಗಂಟು ಅಂದಿದ್ದು ಅದೇ.

ಕಾರಣ ಸ್ಟ್ರೆಚ್ ಮೋಡ್ ‘ವ್ಯೂಪೋರ್ಟ್’ ಆಗಿರುವುದು. ಅದರಲ್ಲಿ ಇಡೀ ದೃಶ್ಯ, ಅಕ್ಷರವೂ ಸೇರಿ, 320×180ರಲ್ಲಿ ಮೂಡಿ ಆಮೇಲೆ ಹಿಗ್ಗುತ್ತೆ. ‘ಕ್ಯಾನ್ವಾಸ್ ಐಟಮ್ಸ್’ ಮಾಡಿ. ಆಗ ಚಿತ್ರದ ಚುಕ್ಕಿ ದಪ್ಪವಾಗೇ ಇರುತ್ತೆ, ಫಾಂಟ್ ಮಾತ್ರ ಕಿಟಕಿಯ ನಿಜವಾದ ರೆಸಲ್ಯೂಷನ್‌ನಲ್ಲಿ ಮೂಡುತ್ತೆ. ಫಾಂಟ್ ಸೈಜ್ 12 ಅಂದರೆ 4 ಪಟ್ಟಿನಲ್ಲಿ 48 ಚುಕ್ಕಿ, ಒತ್ತಕ್ಷರ ಕಣ್ಣಿಗೆ ಹಿತವಾಗಿರುತ್ತೆ. ಇದಕ್ಕೆ ತೆರುವ ಬೆಲೆ ಒಂದಿದೆ: ಓರೆಯಾಗಿ ತಿರುಗಿಸಿದ ಚಿತ್ರದ ಚುಕ್ಕಿಗಳು ಚೌಕಟ್ಟು ಬಿಟ್ಟು ವಜ್ರಾಕಾರವಾಗಿ ಕಾಣುತ್ತವೆ. ನಿಮ್ಮ ಗೇಮ್‌ನಲ್ಲಿ ತಿರುಗುವ ವಸ್ತು ಕಡಿಮೆ, ಓದುವ ಮಾತು ಜಾಸ್ತಿ, ಹಾಗಾಗಿ ಇದೇ ಸರಿ.

ಫಾಂಟ್‌ಗೆ ನೋಟೊ ಸ್ಯಾನ್ಸ್ ಕನ್ನಡ ಇರಲಿ. ಸ್ವಲ್ಪ ಗುಂಡಗಿನ, ಆಟದ ಮನಸ್ಸಿನದ್ದು ಬೇಕಾದರೆ ಬಲೂ ತಮ್ಮ 2. ಎರಡಕ್ಕೂ ಮುಕ್ತ ಪರವಾನಗಿ ಇದೆ, ಗೇಮ್ ಜೊತೆ ಸೇರಿಸಿ ಮಾರಬಹುದು. ಸಂಭಾಷಣೆಯನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ‘ನುಡಿ’ ತಂತ್ರಾಂಶದ ಫೈಲ್‌ನಿಂದ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬರುತ್ತೆ, ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಗೊಡೊ 4 ಅಕ್ಷರ ಜೋಡಿಸಲು ಹಾರ್ಫ್‌ಬಜ್ ಬಳಸುವುದರಿಂದ ಒತ್ತು ತನ್ನ ಜಾಗಕ್ಕೆ ತಾನೇ ಹೋಗಿ ಕೂರುತ್ತೆ. ಗೊಡೊ 3ರಲ್ಲಿ ಈ ವ್ಯವಸ್ಥೆ ಇರಲಿಲ್ಲ, ‘ಕ್ಕ’ ಅನ್ನುವುದು ‘ಕ್‌ಕ’ ಆಗಿ ಬಿಡಿಬಿಡಿ ಬೀಳುತ್ತೆ. ಹಳೆಯ ಪಾಠ ನೋಡಿಕೊಂಡು 3ಕ್ಕೆ ಇಳಿಯಬೇಡಿ.

ಸಂಭಾಷಣೆ ಪೆಟ್ಟಿಗೆಯನ್ನು ಚಿತ್ರವಾಗಿ ಬಿಡಿಸುವ ಮೊದಲು ಒತ್ತಕ್ಷರ ತುಂಬಿದ ಮೂರು ಸಾಲನ್ನು ಅದೇ ಫಾಂಟ್‌ನಲ್ಲಿ ಹಾಕಿ ಎತ್ತರ ಅಳೆಯಿರಿ. ಇಂಗ್ಲಿಷ್ ಇಟ್ಟು ಅಳೆದರೆ ಕೆಳಗಿನ ಸಾಲಿನ ಒತ್ತು ಪೆಟ್ಟಿಗೆಯ ಅಂಚಿನ ಮೇಲೆ ಬೀಳುತ್ತೆ. ಇನ್ನೊಂದು, ಮಾತು ಒಂದೊಂದೇ ಅಕ್ಷರವಾಗಿ ಮೂಡುವ ಹಾಗೆ ಕೋಡ್ ಬರೆಯುವಾಗ ಸ್ಟ್ರಿಂಗ್ ಕತ್ತರಿಸಿ ತೋರಿಸಬೇಡಿ. ‘ಅಕ್ಕ’ ಅನ್ನುವುದು ಅ, ಅಕ, ಅಕ್, ಅಕ್ಕ ಅಂತ ರೂಪ ಬದಲಿಸುತ್ತಾ ಕುಣಿಯುತ್ತೆ. ಲೇಬಲ್‌ಗೆ ಪೂರ್ತಿ ವಾಕ್ಯ ಕೊಟ್ಟು ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್ ಅನ್ನುವಲ್ಲಿ ಗ್ಲಿಫ್ (ಜೋಡಣೆಯಾದ ಅಕ್ಷರರೂಪ) ಆಧಾರದ ಆಯ್ಕೆ ಇಡಿ. ವಾಕ್ಯ ಮೊದಲೇ ಜೋಡಣೆಯಾಗಿ, ಆಮೇಲೆ ತುಂಡುತುಂಡಾಗಿ ಕಾಣಿಸಿಕೊಳ್ಳುತ್ತೆ.

ಹೊಸಹೆಜ್ಜೆ:

ಮಂಜು ಹೋಯಿತು, ಗೆರೆ ಹೋಯಿತು, ‘ಅಜ್ಜಿ ಕೊಟ್ಟಿಗೆಯಲ್ಲಿದ್ದಾರೆ’ ಅನ್ನುವುದನ್ನು ಈಗ ಸ್ಪಷ್ಟವಾಗಿ ಓದಬಹುದು! ಕ್ರಿಟಾದಲ್ಲಿ ಅಜ್ಜಿಯ ಮುಖ ಕೂಡ ಬಿಡಿಸಿದೆ, ಇನ್ನೂ ಮೌಸ್‌ನಲ್ಲೇ. ಗೇಮ್‌ನಲ್ಲಿ ಅದರ ಅಂಚು ಗರಗಸದ ಹಲ್ಲಿನ ಹಾಗಿದೆ, ಕೂದಲ ಸುತ್ತ ಬಿಳಿ ಪಟ್ಟಿಯೂ ಇದೆ. ಇದೊಂದು ಯಾಕೆ?

ಬಣ್ಣದಡಬ್ಬಿ:

ಗರಗಸದ ಹಲ್ಲಿಗೆ ಕಾರಣ ಮೇಲೆ ಹಾಕಿದ ನಿಯರೆಸ್ಟ್. ಅದು ಪಿಕ್ಸೆಲ್ ಚಿತ್ರಕ್ಕೆ ಸರಿ, ಬಣ್ಣ ಬಳಿದ ಮುಖಕ್ಕೆ ಅಲ್ಲ. ಮುಖ ತೋರಿಸುವ ನೋಡ್ (ಗೊಡೊ ದೃಶ್ಯದ ಘಟಕ) ಆರಿಸಿ, ಅದರ ಟೆಕ್ಸ್‌ಚರ್ ಭಾಗದಲ್ಲಿ ಫಿಲ್ಟರ್ ಅನ್ನು ಅದೊಂದಕ್ಕೆ ಮಾತ್ರ ಲೀನಿಯರ್ ಮಾಡಿ. 480ರ ಚಿತ್ರವಾದರೆ ನೋಡ್‌ನ ಅಳತೆ 120 ಇರಲಿ, 4 ಪಟ್ಟಿನಲ್ಲಿ ಚುಕ್ಕಿಗೆ ಚುಕ್ಕಿ ಸರಿಹೊಂದುತ್ತೆ.

ಬಿಳಿ ಪಟ್ಟಿ ಬಂದಿರುವುದು ಬಿಳಿ ಹಿನ್ನೆಲೆಯ ಮೇಲೆಯೇ ಬಿಡಿಸಿ ಆಮೇಲೆ ಹಿನ್ನೆಲೆಯನ್ನು ಆರಿಸಿ ಅಳಿಸಿದ್ದರಿಂದ. ಕುಂಚದ ಅಂಚು ಮೆತ್ತಗಿರುತ್ತೆ, ಅಲ್ಲಿ ಕೂದಲಿನ ಬಣ್ಣ ಬಿಳಿಯ ಜೊತೆ ಆಗಲೇ ಬೆರೆತುಹೋಗಿರುತ್ತೆ, ಎಷ್ಟು ಅಳಿಸಿದರೂ ಆ ಬೆರಕೆ ಉಳಿಯುತ್ತೆ. ಮುಂದಿನ ಮುಖಕ್ಕೆ ಹಿನ್ನೆಲೆ ಬೇರೆ ಲೇಯರ್, ಮುಖ ಅದರ ಮೇಲಿನ ಖಾಲಿ ಲೇಯರ್. ಹಿನ್ನೆಲೆ ಬಿಳಿ ಬೇಡ, ಗೇಮ್‌ನ ಹುಲ್ಲಿನ ಬಣ್ಣ ತುಂಬಿ, ಅಂಚು ಹೇಗೆ ಕಾಣುತ್ತೆ ಅಂತ ಬಿಡಿಸುವಾಗಲೇ ಗೊತ್ತಾಗುತ್ತೆ. ಎಕ್ಸ್‌ಪೋರ್ಟ್ ಮಾಡುವಾಗ ಹಿನ್ನೆಲೆ ಲೇಯರ್‌ನ ಕಣ್ಣಿನ ಗುರುತು ಒತ್ತಿ ಅದನ್ನು ಮರೆಮಾಡಿ. ಈಗಿರುವ ಅಜ್ಜಿಯನ್ನು ಉಳಿಸಿಕೊಳ್ಳಲು ಆ ಲೇಯರ್‌ನ ಆಲ್ಫಾ ಲಾಕ್ ಹಾಕಿ, ಅಂಚಿನ ಗುಂಟ ಕೂದಲಿನದೇ ಬಣ್ಣದಿಂದ ಒಂದು ಸುತ್ತು ಬಳಿಯಿರಿ. ಪಾರದರ್ಶಕ ಜಾಗಕ್ಕೆ ಬಣ್ಣ ಹತ್ತಲ್ಲ, ಬಿಳಿಯ ಬೆರಕೆ ಮಾತ್ರ ಮುಚ್ಚುತ್ತೆ.